ಕಗ್ಗದಾಸಪುರದ ನಲ್ಲಿ ನೀರು: ಮಾಲಿನ್ಯದ ಮೂಲಗಳು ಮತ್ತು ಸುರಕ್ಷತೆಯ ಪ್ರಶ್ನೆ

ಬೆಂಗಳೂರಿನ ನಲ್ಲಿ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಉತ್ತರವನ್ನು ನಿರೀಕ್ಷಿಸುವುದು ವಾಡಿಕೆಯಾಗಿದೆ. ನಗರದ ಪೂರ್ವ ಭಾಗದಲ್ಲಿರುವ ಕಗ್ಗದಾಸಪುರದಂತಹ ಬಡಾವಣೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಪ್ರಶ್ನೆಯೇ ಸರಿಯಾಗಿ ರೂಪುಗೊಂಡಿಲ್ಲವೆಂಬುದು ಅರಿವಿಗೆ ಬರುತ್ತದೆ. ಇಲ್ಲಿನ ಮನೆಗಳ ನಲ್ಲಿ ಒಂದೇ ಆದರೂ ಅದರಿಂದ ಬೀಳುವ ನೀರು ಮೂರು ಬಗೆಯದು: ಜಲಮಂಡಳಿಯ ಕೊಳವೆಯಲ್ಲಿ ಬರುವ ಕಾವೇರಿ ನೀರು, ನಿವೇಶನದಲ್ಲಿಯೇ ಕೊರೆದ ಕೊಳವೆ ಬಾವಿಯ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ತಂದು ಸುರಿಯುವ ನೀರು. ಈ ಮೂರೂ ಮನೆಯ ಮುಂದಿನ ನೆಲದಡಿಯ ತೊಟ್ಟಿಯಲ್ಲಿ, ಅಂದರೆ ಎಲ್ಲರೂ ಸಂಪು ಎಂದು ಕರೆಯುವ ಗುಂಡಿಯಲ್ಲಿ, ಬೆರೆತು ತಾರಸಿಯ ಮೇಲಿನ ಟ್ಯಾಂಕಿಗೆ ಏರಿ, ಅಲ್ಲಿಂದ ನಲ್ಲಿಗಿಳಿಯುತ್ತವೆ. ನಗರದ ನೀರಿನ ಗುಣಮಟ್ಟವನ್ನು ಕುರಿತ ಬಹುಪಾಲು ಚರ್ಚೆ ಶುದ್ಧೀಕರಣ ಘಟಕದ ಬಾಗಿಲಲ್ಲಿ ನಿಂತುಬಿಡುತ್ತದೆ. ಜನರು ಕುಡಿಯುವುದು ಆ ಘಟಕದಿಂದ ಹೊರಟ ನೀರನ್ನಲ್ಲ, ಸಂಪಿನಿಂದ ಮೇಲೇರಿದ ನೀರನ್ನು. ಈ ಎರಡರ ನಡುವಿನ ಅಂತರದಲ್ಲಿ ಏನೇನು ಸಂಭವಿಸುತ್ತದೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಕಗ್ಗದಾಸಪುರವು ಸಿ.ವಿ. ರಾಮನ್ ನಗರ, ನಾಗವಾರಪಾಳ್ಯ, ಮಲ್ಲೇಶಪಾಳ್ಯ ಹಾಗೂ ಜಿ.ಎಂ. ಪಾಳ್ಯಗಳ ನೆರೆಯಲ್ಲಿದ್ದು, ಬೈಯಪ್ಪನಹಳ್ಳಿಯಿಂದ ಹೊಸೂರಿನ ಕಡೆಗೆ ಸಾಗುವ ರೈಲು ಮಾರ್ಗ ಅದನ್ನು ಹಾದುಹೋಗುತ್ತದೆ. ಮೂಲತಃ ಇದು ಕೆರೆ ಬಾವಿಗಳನ್ನು ನೆಚ್ಚಿದ ಹಳ್ಳಿ. 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸಮೀಪದಲ್ಲಿ ಸ್ಥಾಪನೆಯಾಯಿತು. ಬಳಿಕ ರಕ್ಷಣಾ ಸಂಶೋಧನಾ ಪ್ರಯೋಗಾಲಯಗಳು ಬಂದವು, ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಮಾಹಿತಿ ತಂತ್ರಜ್ಞಾನದ ಕಚೇರಿಗಳೂ ಬಂದವು. ಹೊಲಗಳು ನಿವೇಶನಗಳಾದವು, ನಿವೇಶನಗಳ ಮೇಲೆ ಮೂರು ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳೆದ್ದವು. ಜನವಸತಿ ಮೊದಲು ಬಂದು, ನೀರಿನ ಕೊಳವೆಯೂ ಒಳಚರಂಡಿಯೂ ಅದರ ಹಿಂದಿನಿಂದ ಬಂದದ್ದು ಬೆಂಗಳೂರಿನ ಹೊರವಲಯದ ಬಡಾವಣೆಗಳೆಲ್ಲದರ ಸಾಮಾನ್ಯ ಲಕ್ಷಣ. ಇಂದಿನ ನೀರಿನ ಸಮಸ್ಯೆಯ ಬೇರು ಬಹುಮಟ್ಟಿಗೆ ಈ ಹಿಂದುಮುಂದಿನಲ್ಲಿದೆ.

ಹತ್ತೊಂಬತ್ತನೆಯ ಶತಮಾನದ ಬೆಂಗಳೂರಿಗೆ ಧರ್ಮಾಂಬುಧಿ, ಸಂಪಂಗಿ ಮೊದಲಾದ ಕೆರೆಗಳೇ ಆಧಾರವಾಗಿದ್ದವು. 1809ರ ಅನಂತರ ಬೆಳೆದ ದಂಡುಪ್ರದೇಶವು ಹಲಸೂರು ಕೆರೆಯ ಆಸುಪಾಸಿನಲ್ಲಿ ಹರಡಿಕೊಂಡಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನೀರು ತರುವ ಚಾಮರಾಜೇಂದ್ರ ಜಲಪೂರೈಕೆ ವ್ಯವಸ್ಥೆ ಕಾರ್ಯಾರಂಭ ಮಾಡಿತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ನೀರನ್ನು ಮೇಲೆತ್ತುತ್ತಿದ್ದವು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸೇರಿಕೊಂಡಿತು. 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರಚಿತವಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತದಿಂದ ದಿನಕ್ಕೆ 13.5 ಕೋಟಿ ಲೀಟರ್ ನೀರು ನಗರಕ್ಕೆ ತಲುಪಿತು. 1982ರಲ್ಲಿ ಎರಡನೆಯ ಹಂತ, 1990ರ ದಶಕದಲ್ಲಿ ಮೂರನೆಯದು, 2002 ಮತ್ತು 2012ರಲ್ಲಿ ನಾಲ್ಕನೆಯದರ ಎರಡು ಘಟ್ಟಗಳು ಮುಗಿದವು. 2007ರಲ್ಲಿ ಏಳು ನಗರಸಭೆಗಳೂ ಒಂದು ಪುರಸಭೆಯೂ ನೂರಹತ್ತು ಹಳ್ಳಿಗಳೂ ಮಹಾನಗರ ಪಾಲಿಕೆಯೊಳಗೆ ಸೇರಿದಾಗ ನೀರಿನ ಹೊಣೆಯೂ ಒಮ್ಮೆಗೇ ಹಿಗ್ಗಿತು. ಆ ಹಳ್ಳಿಗಳಿಗೆಂದೇ ರೂಪಿಸಿದ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು.

ಈ ಇತಿಹಾಸದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಸಂಗತಿಯೊಂದಿದೆ. ಪ್ರತಿ ಹಂತದಲ್ಲಿಯೂ ನಗರ ತನ್ನ ಸಮೀಪದ ಮೂಲವನ್ನು ಕೈಬಿಟ್ಟು ದೂರದ ಮೂಲಕ್ಕೆ ಕೈಚಾಚಿದೆ. ಕೈಬಿಟ್ಟ ಮೂಲ ಅಲ್ಲಿಯೇ ಉಳಿಯಿತು, ಕೊಳಚೆಯನ್ನು ಒಳಗೊಳ್ಳುವ ಪಾತ್ರೆಯಾಗಿ. ಕಗ್ಗದಾಸಪುರದ ಕೆರೆಗೂ ಇದೇ ಗತಿಯಾಯಿತು. ಅದಕ್ಕೆ ಕೊಳಚೆ ಸೇರುವುದು, ಮೇಲ್ಮೈಯನ್ನು ಜಲಕಳೆ ಮುಚ್ಚುವುದು, ಮತ್ತೆ ಹೂಳೆತ್ತುವ ಪ್ರಯತ್ನ ನಡೆಯುವುದು ಹಲವು ವರ್ಷಗಳಿಂದ ಪುನರಾವರ್ತನೆಯಾಗುತ್ತಿರುವ ಸುದ್ದಿ. ಊರು ಆ ಕೆರೆಯ ನೀರನ್ನು ಕುಡಿಯುವುದನ್ನು ನಿಲ್ಲಿಸಿತೆಂಬುದು ಕಣ್ಣಿಗೆ ಕಾಣುವ ಮಟ್ಟಿಗಷ್ಟೇ ನಿಜ. ಕೆರೆಯ ತಳದಿಂದ ಇಂಗುವ ನೀರು ಸುತ್ತಲಿನ ಅಂತರ್ಜಲಕ್ಕೆ ಸೇರುತ್ತದೆ, ಅಂತರ್ಜಲ ಕೊಳವೆ ಬಾವಿಗೆ ಬರುತ್ತದೆ.

ನದಿಯ ನೀರು, ಕೊಳವೆಯ ದಾರಿ

ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳ್ಳುತ್ತದೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಮೂರು ಹಂತಗಳಲ್ಲಿ ಪಂಪ್ ಆಗಿ, ಸುಮಾರು 100 ಕಿ.ಮೀ. ದೂರ ಸಾಗಿ, ಸುಮಾರು 500 ಮೀಟರ್ ಎತ್ತರಕ್ಕೇರಿ ನಗರ ಸೇರುತ್ತದೆ. ಶುದ್ಧೀಕರಣದ ತತ್ತ್ವ ಸರಳವಾದುದು. ನದಿಯ ನೀರಿನಲ್ಲಿ ತೇಲುವ ಸೂಕ್ಷ್ಮ ಮಣ್ಣಿನ ಕಣಗಳು ಋಣ ವಿದ್ಯುದಂಶವನ್ನು ಹೊಂದಿರುವುದರಿಂದ ಪರಸ್ಪರ ವಿಕರ್ಷಿಸುತ್ತ ತಳಕ್ಕಿಳಿಯದೆ ಉಳಿಯುತ್ತವೆ. ಪಟಿಕದಂತಹ ಅಲ್ಯೂಮಿನಿಯಂ ಲವಣವನ್ನು ಬೆರೆಸಿದಾಗ ಆ ವಿಕರ್ಷಣೆ ತಗ್ಗಿ ಕಣಗಳು ಹತ್ತಿಯಂತೆ ಗಂಟುಕಟ್ಟಿ ಕೆಳಗೆ ಕೂರುತ್ತವೆ. ಹಿಂದಿನವರು ಮಡಕೆಯ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು ಕದಡಿದ ನೀರನ್ನು ತಿಳಿಗೊಳಿಸುತ್ತಿದ್ದುದರಲ್ಲಿಯೂ ಕೆಲಸ ಮಾಡುತ್ತಿದ್ದುದು ಇದೇ ಬಗೆಯ ಕ್ರಿಯೆ. ತಿಳಿಯಾದ ನೀರು ಮರಳಿನ ಸೋಸುಹಾಸಿಗೆಯ ಮೂಲಕ ಹಾಯುತ್ತದೆ. ಕೊನೆಯಲ್ಲಿ ಕ್ಲೋರಿನ್ ಸೇರಿಸಲಾಗುತ್ತದೆ.

ಕ್ಲೋರಿನ್ನಿನ ಕೆಲಸ ಘಟಕದಲ್ಲಿಯೇ ಮುಗಿಯುವುದಿಲ್ಲ. ಅಲ್ಲಿರುವ ರೋಗಾಣುಗಳನ್ನು ಕೊಂದ ಮೇಲೂ ಒಂದಿಷ್ಟು ಕ್ಲೋರಿನ್ ನೀರಿನಲ್ಲಿ ಉಳಿದು ದಾರಿಯುದ್ದಕ್ಕೂ ಕಾವಲು ಕಾಯಬೇಕು. ಭಾರತೀಯ ಮಾನಕ ಬ್ಯೂರೋದ ಐ.ಎಸ್. 10500 ಮಾನಕವು ಗ್ರಾಹಕರ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕೆಂದು ಹೇಳುತ್ತದೆ. ವೈರಸ್ಸುಗಳಿಂದ ರಕ್ಷಣೆ ಬೇಕಾದಾಗ 0.5 ಮಿಲಿಗ್ರಾಂ. ನಲ್ಲಿ ನೀರಿನಲ್ಲಿ ಸುಳಿಯುವ ನಸು ಘಾಟನ್ನು ಬಹಳ ಮಂದಿ ದೋಷವೆಂದು ಬಗೆಯುತ್ತಾರೆ. ವಾಸ್ತವದಲ್ಲಿ ಎಂದೂ ಇರುತ್ತಿದ್ದ ಆ ಘಾಟು ಒಂದು ದಿನ ಏಕಾಏಕಿ ಇಲ್ಲವಾಗುವುದೇ ಹೆಚ್ಚು ಎಚ್ಚರಿಕೆಯ ಸಂಗತಿ. ಕೊಳಚೆಯಲ್ಲಿರುವ ಅಮೋನಿಯ ಮತ್ತು ಸಾವಯವ ವಸ್ತುಗಳು ಮುಕ್ತ ಕ್ಲೋರಿನ್ನನ್ನು ಕೂಡಲೇ ಹೀರಿಕೊಳ್ಳುತ್ತವೆ. ಹೀಗಾಗಿ ಕಾವಲು ಕಾಣೆಯಾಗಿದೆ ಎಂದರೆ ದಾರಿಯಲ್ಲಿ ಯಾವುದೋ ಹೊರಗಿನ ವಸ್ತು ಸೇರಿರುವ ಶಂಕೆ ಮೂಡಬೇಕು.

ಸೇರುವುದು ಹೇಗೆ? ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಷ್ಟು ಕಾಲ ಬಿರುಕಿನ ಮೂಲಕ ನೀರು ಹೊರಕ್ಕೆ ಸೋರುತ್ತದೆಯೇ ಹೊರತು ಹೊರಗಿನದು ಒಳಕ್ಕೆ ಬರುವುದಿಲ್ಲ. ಸೋರಿಕೆಯಿಂದ ಮಂಡಳಿಗೆ ನಷ್ಟ, ಆದರೆ ಗ್ರಾಹಕನ ಆರೋಗ್ಯಕ್ಕೆ ಆಗ ಅಪಾಯವಿಲ್ಲ. ಸರಬರಾಜು ನಿಂತ ಗಳಿಗೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಕೊಳವೆ ಬರಿದಾಗುತ್ತ ಹೋದಂತೆ ಒಳಗೆ ಋಣ ಒತ್ತಡ ಉಂಟಾಗಿ, ಅದೇ ಬಿರುಕು ಸುತ್ತಲಿನ ತೇವವನ್ನು ಒಳಗೆಳೆದುಕೊಳ್ಳುತ್ತದೆ. ಅದೇ ಬೀದಿಯಲ್ಲಿ ಒಳಚರಂಡಿ ಕೊಳವೆಯೂ ಸಾಗಿದ್ದು, ಅದೂ ಸೋರುತ್ತಿದ್ದರೆ ಒಳಬರುವುದು ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಹೆಚ್ಚಿನ ಬಡಾವಣೆಗಳಿಗೆ ನೀರು ದಿನವಿಡೀ ಹರಿಯುವುದಿಲ್ಲ. ಸರದಿಯ ಮೇಲೆ, ಕೆಲವೇ ಗಂಟೆಗಳ ಕಾಲ ಬರುತ್ತದೆ. ಅಂದರೆ ಪ್ರತಿ ಸರದಿಯ ಕೊನೆಗೂ ಕೊಳವೆಗಳು ಒಮ್ಮೆ ಉಸಿರೆಳೆದುಕೊಳ್ಳುತ್ತವೆ. ಮುಖ್ಯ ಕೊಳವೆಗೆ ನೇರವಾಗಿ ಮೋಟಾರ್ ಅಳವಡಿಸಿ ನೀರೆಳೆಯುವ ಮನೆಗಳು ಈ ಅಪಾಯವನ್ನು ಇಮ್ಮಡಿಗೊಳಿಸುತ್ತವೆ. ಎಳೆದವರಿಗೆ ನಾಲ್ಕು ಬಿಂದಿಗೆ ಹೆಚ್ಚು ಸಿಗಬಹುದು, ಆದರೆ ಬಿರುಕಿನ ಕೊಳಚೆ ಇಡೀ ಬೀದಿಗೆ ಹಂಚಿಕೆಯಾಗುತ್ತದೆ. ಸರದಿ ಆರಂಭವಾದ ಮೊದಲ ಕೆಲವು ನಿಮಿಷಗಳ ನೀರು ಕದಡಿ ಬರುವುದಕ್ಕೂ ಕಾರಣ ಇದೇ. ಆ ನೀರನ್ನು ಸಂಪಿಗೆ ಬಿಡದೆ ಹೊರಕ್ಕೆ ಹರಿಸುವುದು ಬಲ್ಲ ಗೃಹಿಣಿಯರ ರೂಢಿ. ಶಾಸ್ತ್ರವೂ ಅದನ್ನೇ ಹೇಳುತ್ತದೆ.

ಹಳೆಯ ಕಾಲದ ಹಳ್ಳಿಯಲ್ಲಿ ಕೆರೆಯ ತೂಬನ್ನು ತೆರೆದು ಮುಚ್ಚುವ ನೀರುಗಂಟಿ ಇರುತ್ತಿದ್ದ. ಇಂದು ಆ ಸ್ಥಾನದಲ್ಲಿ ಬೀದಿಯ ವಾಲ್ವ್ ತಿರುಗಿಸುವ ನೌಕರನಿದ್ದಾನೆ. ಯಾವ ಬೀದಿಗೆ ಎಷ್ಟು ಹೊತ್ತು ನೀರು, ಎಲ್ಲಿ ಕೊಳವೆ ಹಳತಾಗಿದೆ, ಎಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ ಎಂಬ ವಿವರ ಯಾವ ನಕ್ಷೆಗಿಂತಲೂ ಚೆನ್ನಾಗಿ ಅವನಿಗೆ ಗೊತ್ತಿರುತ್ತದೆ. ನೀರಿನ ಗುಣಮಟ್ಟದ ಅಧ್ಯಯನಗಳು ಈ ತಿಳಿವಳಿಕೆಯನ್ನು ದಾಖಲಿಸಿಕೊಂಡಿರುವುದು ವಿರಳ.

ಕೊಳವೆಯ ನೀರಿಗೆ ಕೊಳಚೆ ಬೆರೆತಾಗ ಕ್ಲೋರಿನ್ ಒಂದೇ ಸಾಲದೆಂಬುದಕ್ಕೆ ದೆಹಲಿಯ ಅನುಭವ ಸಾಕ್ಷಿ. 1955ರ ಕೊನೆಯಲ್ಲಿ ಯಮುನೆಯ ಹರಿವು ಬದಲಾಗಿ ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ಹಿಮ್ಮುಖವಾಗಿ ನುಗ್ಗಿತು. ಅಪಾಯ ಅರಿತ ಸಿಬ್ಬಂದಿ ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಿದರು. ವಿಷಮಶೀತ ಜ್ವರವಾಗಲಿ ಆಮಶಂಕೆಯಾಗಲಿ ಏರಲಿಲ್ಲ. ಆದರೆ ಕೆಲವೇ ವಾರಗಳಲ್ಲಿ 29,000ಕ್ಕೂ ಹೆಚ್ಚು ಮಂದಿಗೆ ಕಾಮಾಲೆ ತಗುಲಿತು. ಬ್ಯಾಕ್ಟೀರಿಯಗಳು ಸತ್ತವು, ವೈರಸ್ ಉಳಿಯಿತು. ಅದು ಹೆಪಟೈಟಿಸ್-ಇ ಎಂಬುದು ದಶಕಗಳ ತರುವಾಯ ಸಂಗ್ರಹಿತ ರಕ್ತಮಾದರಿಗಳಿಂದ ಸಿದ್ಧಪಟ್ಟಿತು. ಗರ್ಭಿಣಿಯರಿಗೆ ಈ ಸೋಂಕು ವಿಶೇಷವಾಗಿ ಮಾರಕ ಎಂಬ ಅಂಶವನ್ನು ಇಲ್ಲಿ ನೆನೆಯಬೇಕು.

ನೆಲದ ನೀರು

ಕಗ್ಗದಾಸಪುರದ ನೆಲದಡಿಯಲ್ಲಿರುವುದು ಪ್ರಾಚೀನವಾದ ನೈಸ್ ಹಾಗೂ ಗ್ರಾನೈಟ್ ಶಿಲೆ. ಮೇಲೆ ಶಿಥಿಲಗೊಂಡ ಮಣ್ಣಿನ ಪದರ, ಅದರ ಕೆಳಗೆ ಬಿರುಕುಗಳುಳ್ಳ ಗಟ್ಟಿ ಬಂಡೆ. ಹಿಂದಿನ ತೆರೆದ ಬಾವಿಗಳು ಮೇಲಿನ ಪದರದ ನೀರನ್ನು ಬಳಸುತ್ತಿದ್ದವು; ಇಂದಿನ ಕೊಳವೆ ಬಾವಿಗಳು ಬಂಡೆಯ ಬಿರುಕುಗಳನ್ನು ಹುಡುಕುತ್ತ ನಗರದ ಪೂರ್ವ ಭಾಗದಲ್ಲಿ ಸಾವಿರ ಅಡಿಗೂ ಮೀರಿ ಇಳಿದಿವೆ. ಆಳಕ್ಕೆ ಇಳಿದಷ್ಟೂ ನೀರು ಶುದ್ಧ ಎಂಬ ನಂಬಿಕೆ ಜನಜನಿತ. ಅದು ಅರ್ಧ ಸತ್ಯ. ಆಳದ ನೀರಿನಲ್ಲಿ ರೋಗಾಣು ಕಡಿಮೆಯಿರಬಹುದಾದರೂ ಶಿಲೆಯೊಡನೆ ಬಹುಕಾಲ ಸಂಪರ್ಕದಲ್ಲಿದ್ದುದರಿಂದ ಗಡಸುತನ, ಫ್ಲೋರೈಡ್, ಕೆಲವೆಡೆ ಯುರೇನಿಯಂ ಹೆಚ್ಚಿರಬಹುದು. ಫ್ಲೋರೈಡಿನ ಅಪೇಕ್ಷಣೀಯ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 1.5. ಕೋಲಾರ, ಚಿಕ್ಕಬಳ್ಳಾಪುರಗಳ ಹಳ್ಳಿಗಳು ಈ ಮಿತಿ ಮೀರಿದುದರ ಫಲವನ್ನು ಹಲ್ಲಿನಲ್ಲಿಯೂ ಮೂಳೆಯಲ್ಲಿಯೂ ಅನುಭವಿಸಿವೆ. ಬೆಂಗಳೂರಿನ ಪಶ್ಚಿಮದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಲೋಹಲೇಪನದ ಘಟಕಗಳಿಂದ ಬಂದ ಕ್ರೋಮಿಯಂ ಕಂಡುಬಂದಿರುವುದು ಇನ್ನೊಂದು ಬಗೆಯ ಪ್ರಕರಣ.

ಕಗ್ಗದಾಸಪುರದಂತಹ ವಸತಿ ಪ್ರದೇಶದಲ್ಲಿ ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದುದು ನೈಟ್ರೇಟ್. ಮಲಮೂತ್ರಗಳಲ್ಲಿರುವ ಸಾರಜನಕ ಮಣ್ಣಿನಲ್ಲಿ ಮೊದಲು ಅಮೋನಿಯವಾಗಿ, ಬಳಿಕ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ಪರಿವರ್ತನೆ ಹೊಂದುತ್ತದೆ. ಮಣ್ಣು ರೋಗಾಣುಗಳನ್ನು ಬಹುಮಟ್ಟಿಗೆ ಸೋಸಿ ಹಿಡಿದಿಡುತ್ತದೆ, ಅಮೋನಿಯವನ್ನೂ ಸ್ವಲ್ಪಮಟ್ಟಿಗೆ ತಡೆಯುತ್ತದೆ. ನೈಟ್ರೇಟನ್ನು ಮಾತ್ರ ತಡೆಯಲಾರದು, ಅದು ನೀರಿನೊಡನೆಯೇ ಕೆಳಗಿಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲಿ ಭೇದವಿಲ್ಲ. ಬೆಂಗಳೂರಿನ ಅಂತರ್ಜಲದಲ್ಲಿ ಮಾನಕದ 45 ಮಿಲಿಗ್ರಾಂ ಮಿತಿಯನ್ನು ಮೀರಿದ ನೈಟ್ರೇಟ್ ವ್ಯಾಪಕವಾಗಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿಯ ಹಾಗೂ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರೀಕ್ಷೆಗಳು ಹಲವು ಬಾರಿ ತೋರಿಸಿವೆ. ಗಡಸುತನ, ಫ್ಲೋರೈಡುಗಳಿಗೆ ಬೇರೆ ಮೂಲವಿಲ್ಲದಾಗ ಅನ್ವಯಿಸುವ ಸಡಿಲಿಕೆಯೊಂದನ್ನು ಮಾನಕ ನೀಡುತ್ತದೆ. ನೈಟ್ರೇಟಿಗೆ ಅಂತಹ ಸಡಿಲಿಕೆಯೇ ಇಲ್ಲ.

ಕಾರಣವಿದೆ. ಆರು ತಿಂಗಳೊಳಗಿನ ಶಿಶುವಿನ ಹೊಟ್ಟೆಯಲ್ಲಿ ಆಮ್ಲೀಯತೆ ಕಡಿಮೆ. ಅಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗಿ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಉತ್ಕರ್ಷಿಸುತ್ತದೆ. ಹಾಗೆ ಮಾರ್ಪಟ್ಟ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ಬಾವಿ ನೀರಿಗೂ ಈ ಸ್ಥಿತಿಗೂ ಇರುವ ಸಂಬಂಧವನ್ನು ಅಮೆರಿಕದ ಅಯೋವ ಪ್ರಾಂತದಲ್ಲಿ ಕಾಮ್ಲಿ ಎಂಬ ವೈದ್ಯ 1945ರಲ್ಲಿ ಮೊದಲು ಪ್ರಕಟಿಸಿದ. ಎದೆಹಾಲು ಕುಡಿಯುವ ಮಗುವಿಗೆ ಈ ಭಯ ಅಲ್ಪ. ಪುಡಿ ಹಾಲನ್ನು ಕೊಳವೆ ಬಾವಿಯ ನೀರಿನಲ್ಲಿ ಕಲಸಿ ಕುಡಿಸಿದಾಗಲೇ ತೊಂದರೆ. ಇಂತಹ ಸಂದರ್ಭದಲ್ಲಿ ತಾಯಂದಿರು ಸಹಜವಾಗಿಯೇ ನೀರನ್ನು ಹೆಚ್ಚು ಹೊತ್ತು ಕುದಿಸುತ್ತಾರೆ. ಕುದಿತದಿಂದ ರೋಗಾಣು ಸಾಯುತ್ತದೆ ನಿಜ, ಆದರೆ ನೀರು ಆವಿಯಾಗಿ ಕಡಿಮೆಯಾದಂತೆ ಉಳಿದ ನೀರಿನಲ್ಲಿ ನೈಟ್ರೇಟಿನ ಸಾಂದ್ರತೆ ಏರುತ್ತದೆ. ಒಂದು ಅಪಾಯಕ್ಕೆ ಸರಿಯಾದ ಮದ್ದು ಇನ್ನೊಂದು ಅಪಾಯವನ್ನು ಹೆಚ್ಚಿಸುವ ಈ ಸಂದರ್ಭವನ್ನು ಆರೋಗ್ಯ ಪ್ರಚಾರದ ಕರಪತ್ರಗಳು ವಿವರಿಸುವುದು ಅಪರೂಪ.

ನೈಟ್ರೇಟಿನ ಮೂಲವನ್ನು ಅರಿಯಲು ಬೆಂಗಳೂರಿನ ಪ್ರಸಿದ್ಧ 30 ಅಡಿಗೆ 40 ಅಡಿ ನಿವೇಶನದ ರೇಖಾಗಣಿತವನ್ನು ಗಮನಿಸಿದರೆ ಸಾಕು. ಅದರ ಕರ್ಣದ ಉದ್ದ 50 ಅಡಿ, ಎಂದರೆ ಸುಮಾರು 15 ಮೀಟರು. ಬಾವಿಗೂ ಇಂಗುಗುಂಡಿಗೂ ನಡುವೆ ಸಾಮಾನ್ಯವಾಗಿ ಸೂಚಿಸುವ ಕನಿಷ್ಠ ಅಂತರವೂ 15 ಮೀಟರಿಗೆ ಕಡಿಮೆಯಿಲ್ಲ. ಕೊಳವೆ ಬಾವಿಯನ್ನು ಒಂದು ಮೂಲೆಯಲ್ಲಿಯೂ ಶೌಚದ ಗುಂಡಿಯನ್ನು ಅದರ ಎದುರು ಮೂಲೆಯಲ್ಲಿಯೂ ಇಟ್ಟರೆ ಮಾತ್ರ ಈ ನಿಯಮ ಪಾಲನೆಯಾದೀತು. ಅಷ್ಟಾದರೂ ಪಕ್ಕದ ಮನೆಯ ಗುಂಡಿ ಗೋಡೆಯಾಚೆಗೇ ಇರುತ್ತದೆ. ಒಳಚರಂಡಿ ಬರುವ ಮುನ್ನ ಎದ್ದ ಬಡಾವಣೆಗಳಲ್ಲಿ ದಶಕಗಳ ಕಾಲ ಈ ಗುಂಡಿಗಳೇ ಆಧಾರವಾಗಿದ್ದವು. ಒಳಚರಂಡಿ ಬಂದ ಮೇಲೆ ಗುಂಡಿ ಮುಚ್ಚಿರಬಹುದು. ಮಣ್ಣಿಗೆ ಇಳಿದ ಸಾರಜನಕ ಇನ್ನೂ ದಾರಿಯಲ್ಲಿರುತ್ತದೆ. ಕೊಳವೆ ಬಾವಿಯ ಕೇಸಿಂಗ್ ಪೈಪನ್ನು ಗಟ್ಟಿ ಬಂಡೆ ಸಿಗುವವರೆಗೆ ಮಾತ್ರ ಇಳಿಸಿ ಸುತ್ತಲಿನ ಸಂದನ್ನು ಸಿಮೆಂಟಿನಿಂದ ಮುಚ್ಚದೆ ಬಿಡುವ ರೂಢಿ, ಮೇಲಿನ ಪದರದ ಕೊಳಕು ನೀರಿಗೆ ಸಾವಿರ ಅಡಿ ಆಳಕ್ಕೆ ನೇರ ದಾರಿ ಮಾಡಿಕೊಡುತ್ತದೆ.

ಸಂಪಿನ ಲೆಕ್ಕ

ಕಗ್ಗದಾಸಪುರದ ಒಂದು ಸಾಧಾರಣ ಬಾಡಿಗೆ ಕಟ್ಟಡದಲ್ಲಿ ಸಂಪು ಇರುವುದು ಮುಂಭಾಗದಲ್ಲಿ, ವಾಹನ ನಿಲ್ಲಿಸುವ ಜಾಗದ ಕೆಳಗೆ. ಕಾವೇರಿ ಕೊಳವೆ ಬೀದಿಯಿಂದ ಬರುವುದರಿಂದ ಅದು ಬೀದಿಗೆ ಹತ್ತಿರವಿರಬೇಕು. ಒಳಚರಂಡಿಯೂ ಬೀದಿಯಲ್ಲಿಯೇ ಇರುವುದರಿಂದ ಅದರ ಚೇಂಬರ್ ಕೂಡ ಅದೇ ಭಾಗದಲ್ಲಿ, ಎಷ್ಟೋ ಕಡೆ ಸಂಪಿನಿಂದ ಕೆಲವೇ ಅಡಿ ದೂರದಲ್ಲಿ ಇರುತ್ತದೆ. ಸಂಪಿನ ಗೋಡೆಯ ಸಿಮೆಂಟ್ ಗಾರೆ ಬಿರಿದಿದ್ದರೆ, ಚೇಂಬರ್ ಕಟ್ಟಿಕೊಂಡು ನಿಂತಿದ್ದರೆ, ಮಳೆಗಾಲದ ಒಂದು ರಾತ್ರಿ ಸಾಕು. ಮುಚ್ಚಳದ ಅಂಚಿನಿಂದ ಅಂಗಳದ ನೀರು ಇಳಿಯುವುದು ಮತ್ತೊಂದು ದಾರಿ.

ಬೆರಕೆಯಿಂದ ಏನಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಸಂಪಿನ ಸಾಮರ್ಥ್ಯ 6,000 ಲೀಟರ್ ಎನ್ನೋಣ. ಅದರಲ್ಲಿ ಅರ್ಧದಷ್ಟು ಕಾವೇರಿ ನೀರಿದ್ದು, ಅದರಲ್ಲಿ ಲೀಟರಿಗೆ 0.4 ಮಿಲಿಗ್ರಾಂ ಕ್ಲೋರಿನ್ ಉಳಿದಿದ್ದರೆ ಒಟ್ಟು ಕ್ಲೋರಿನ್ 1.2 ಗ್ರಾಂ. ಉಳಿದರ್ಧಕ್ಕೆ ಕ್ಲೋರಿನ್ ಇಲ್ಲದ ಕೊಳವೆ ಬಾವಿಯ ನೀರು ಸೇರಿದೊಡನೆ ಪ್ರಮಾಣ 0.2ಕ್ಕೆ, ಮಾನಕದ ಕನಿಷ್ಠ ಗೆರೆಗೆ, ಇಳಿಯುತ್ತದೆ. ಸಂಪಿನ ತಳದ ಕೆಸರು, ಗೋಡೆಯ ಪಾಚಿ, ಹೊಸ ನೀರಿನ ಸಾವಯವ ಅಂಶ ಇವು ಉಳಿದುದನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತವೆ. ನೈಟ್ರೇಟಿನ ಲೆಕ್ಕ ಇದಕ್ಕೆ ವಿರುದ್ಧ ದಿಕ್ಕಿನದು. ನದಿ ನೀರಿನಲ್ಲಿ 5, ಕೊಳವೆ ಬಾವಿಯಲ್ಲಿ 90 ಮಿಲಿಗ್ರಾಂ ಇದ್ದು ಸಮಪ್ರಮಾಣದಲ್ಲಿ ಬೆರೆತರೆ ಮಿಶ್ರಣದಲ್ಲಿ 47.5 ಇರುತ್ತದೆ, ಮಿತಿಯನ್ನು ಕೂದಲೆಳೆಯಷ್ಟು ಮೀರಿದಂತೆ. ಮಳೆಗಾಲದಲ್ಲಿ ಕಾವೇರಿ ನೀರಿನ ಪಾಲು ಮುಕ್ಕಾಲಿಗೇರಿದರೆ ಅದೇ ನಲ್ಲಿಯ ನೀರು 26ಕ್ಕೆ ಇಳಿದು ನಿರಾತಂಕವಾಗಿ ತೇರ್ಗಡೆಯಾಗುತ್ತದೆ. ಏಪ್ರಿಲಿನಲ್ಲಿ ಕಾಲು ಭಾಗಕ್ಕಿಳಿದರೆ 69 ತಲುಪುತ್ತದೆ. ಅದೇ ಮನೆ, ಅದೇ ನಲ್ಲಿ, ಅದೇ ಬಾವಿ. ಸೆಪ್ಟೆಂಬರಿನಲ್ಲಿ ಮಾಡಿಸಿದ ಪರೀಕ್ಷೆಯ ವರದಿಯನ್ನು ಗೋಡೆಗೆ ಅಂಟಿಸಿಕೊಂಡು ಏಪ್ರಿಲಿನಲ್ಲಿ ನೀರು ಕುಡಿಯುವುದರಲ್ಲಿ ಅರ್ಥವಿಲ್ಲವೆನ್ನುವುದು ಈ ಕಾರಣದಿಂದ.

ಮೂರನೆಯ ನೀರು, ಅಂದರೆ ಟ್ಯಾಂಕರಿನದು, ಈ ಲೆಕ್ಕಕ್ಕೂ ಸಿಕ್ಕುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸುಮಾರು 7,000 ಸರ್ಕಾರಿ ಕೊಳವೆ ಬಾವಿಗಳು ಬತ್ತಿರುವುದಾಗಿ ಸರ್ಕಾರ ಪ್ರಕಟಿಸಿತು. ಟ್ಯಾಂಕರುಗಳ ಬೆಲೆ ಗಗನಕ್ಕೇರಿದಾಗ ಜಿಲ್ಲಾಡಳಿತ ಮಾರ್ಚ್ ತಿಂಗಳಲ್ಲಿ ದರ ನಿಗದಿಪಡಿಸಿತು: ಐದು ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಟ್ಯಾಂಕರುಗಳ ನೋಂದಣಿಯೂ ನಡೆಯಿತು. ಅಂದಿನ ಸಾರ್ವಜನಿಕ ಚರ್ಚೆಯಲ್ಲಿ ಬೆಲೆಗೆ ದೊರೆತ ಸ್ಥಾನ ಗುಣಮಟ್ಟಕ್ಕೆ ದೊರೆಯಲಿಲ್ಲ. ಟ್ಯಾಂಕರ್ ಯಾವ ಬಾವಿಯಿಂದ ತುಂಬಿಕೊಂಡಿತು, ಹಿಂದಿನ ದಿನ ಅದೇ ಟ್ಯಾಂಕಿನಲ್ಲಿ ಏನಿತ್ತು ಎಂಬ ಪ್ರಶ್ನೆಗಳನ್ನು ಬಾಯಾರಿದವರು ಕೇಳುವುದಿಲ್ಲ, ಕೇಳುವ ಸ್ಥಿತಿಯಲ್ಲಿಯೂ ಇರುವುದಿಲ್ಲ.

ಪರಿಹಾರವೆನಿಸಿಕೊಂಡವು

ಅನುಮಾನದ ನೀರಿಗೆ ಮಾರುಕಟ್ಟೆ ಕೊಟ್ಟಿರುವ ಉತ್ತರ ಆರ್‌ಓ ಯಂತ್ರ. ಅತಿಸೂಕ್ಷ್ಮ ಪೊರೆಯೊಂದರ ಮೂಲಕ ಒತ್ತಡದಿಂದ ನೀರನ್ನು ಹಾಯಿಸಿ ಲವಣಗಳನ್ನು ಹಿಂದೆಯೇ ಉಳಿಸುವ ಈ ವಿಧಾನ ನೈಟ್ರೇಟ್, ಫ್ಲೋರೈಡುಗಳನ್ನು ನಿಜವಾಗಿಯೂ ತಗ್ಗಿಸುತ್ತದೆ. ಕೊಳವೆ ಬಾವಿಯನ್ನೇ ನೆಚ್ಚಿದ ಮನೆಗೆ ಅದರ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾವೇರಿ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ ಮಾನಕದ 500 ಮಿಲಿಗ್ರಾಂ ಮಿತಿಗಿಂತ ಬಹಳಷ್ಟು ಕಡಿಮೆ. ಆ ನೀರಿಗೆ ಆರ್‌ಓ ಅಳವಡಿಸುವುದೆಂದರೆ ಇಲ್ಲದ ರೋಗಕ್ಕೆ ಚಿಕಿತ್ಸೆ ಮಾಡಿದಂತೆ. 500ಕ್ಕಿಂತ ಕಡಿಮೆ ಲವಣವಿರುವಲ್ಲಿ ಈ ಯಂತ್ರಗಳನ್ನು ನಿರ್ಬಂಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶಿಸಿತು. ಮನೆಬಳಕೆಯ ಯಂತ್ರ ಒಂದು ಲೀಟರ್ ಕುಡಿಯುವ ನೀರಿಗೆ ಸಾಮಾನ್ಯವಾಗಿ ಮೂರು ಲೀಟರಿನಷ್ಟನ್ನು ಚರಂಡಿಗೆ ಬಿಡುತ್ತದೆ. ಟ್ಯಾಂಕರಿಗೆ ಹಣ ತೆತ್ತ ಮನೆಯಲ್ಲಿ ಇದು ಸಣ್ಣ ವ್ಯಂಗ್ಯವಲ್ಲ.

ಈ ಯಂತ್ರ ಮಾರುವವರು ಮನೆಬಾಗಿಲಲ್ಲಿ ತೋರಿಸುವ ಪ್ರಯೋಗವೊಂದು ಪ್ರಸಿದ್ಧವಾಗಿದೆ. ನಲ್ಲಿ ನೀರಿನ ಲೋಟಕ್ಕೂ ಯಂತ್ರದ ನೀರಿನ ಲೋಟಕ್ಕೂ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ ಹಾಯಿಸಿದರೆ ಮೊದಲನೆಯದು ಕಂದುಗಟ್ಟಿ ರಾಡಿಯಾಗುತ್ತದೆ, ಎರಡನೆಯದು ತಿಳಿಯಾಗಿಯೇ ಉಳಿಯುತ್ತದೆ. ಆ ರಾಡಿ ನೀರಿನಲ್ಲಿದ್ದ ಕೊಳೆಯಲ್ಲ, ಕಡ್ಡಿಯಿಂದ ಕರಗಿದ ಕಬ್ಬಿಣ. ಲವಣವಿರುವ ನೀರು ವಿದ್ಯುತ್ತನ್ನು ಹಾಯಗೊಡುತ್ತದೆ, ಲವಣವಿಲ್ಲದ್ದು ಹಾಯಗೊಡುವುದಿಲ್ಲ. ಪ್ರಯೋಗ ಸಾಧಿಸುವುದು ಇಷ್ಟನ್ನೇ. ಅಂಗೈಯಲ್ಲಿ ಹಿಡಿಯುವ ಟಿಡಿಎಸ್ ಮಾಪಕವೂ ಅಳೆಯುವುದು ವಿದ್ಯುದ್ವಾಹಕತೆಯನ್ನು. 150 ಎಂದು ತೋರಿಸುವ ನೀರಿನಲ್ಲಿ ಕಾಮಾಲೆಯ ವೈರಸ್ ಇರಬಹುದು, 600 ಎಂದು ತೋರಿಸುವ ನೀರು ರುಚಿಗೆಟ್ಟಿದ್ದರೂ ರೋಗರಹಿತವಾಗಿರಬಹುದು. ಬಡಾವಣೆಯ ನಿವಾಸಿಗಳ ಮಾತುಕತೆಯಲ್ಲಿ ಈ ಒಂದು ಸಂಖ್ಯೆಯೇ ನೀರಿನ ಗುಣದ ಪರ್ಯಾಯನಾಮವಾಗಿಬಿಟ್ಟಿರುವುದು ವಿಜ್ಞಾನ ಸಂವಹನದ ಸೋಲೆಂದೇ ಪರಿಗಣಿಸಬೇಕು.

ಪರೀಕ್ಷೆ ಎಲ್ಲಿ ನಡೆಯಬೇಕು

ನೀರಿನಲ್ಲಿರಬಹುದಾದ ಪ್ರತಿಯೊಂದು ರೋಗಾಣುವನ್ನು ಹುಡುಕುವುದು ಅಸಾಧ್ಯ. ಅದಕ್ಕಾಗಿ ಮಲಮಾಲಿನ್ಯದ ಸೂಚಕವಾದ ಇ. ಕೋಲೈ ಬ್ಯಾಕ್ಟೀರಿಯವನ್ನು ಹುಡುಕಲಾಗುತ್ತದೆ. 100 ಮಿಲಿಲೀಟರಿನಲ್ಲಿ ಒಂದೂ ಕಾಣಿಸಬಾರದೆಂಬುದು ಮಾನಕ. ಕೆ.ಎಸ್. ಮಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಹೈಡ್ರೋಜನ್ ಸಲ್ಫೈಡ್ ವಿಧಾನ ಈ ಪರೀಕ್ಷೆಯನ್ನು ಪ್ರಯೋಗಾಲಯದಿಂದ ಹೊರಗೆ ತಂದಿತು. ಔಷಧ ಲೇಪಿಸಿದ ಕಾಗದವಿರುವ ಸೀಸೆಗೆ ನೀರು ತುಂಬಿಟ್ಟರೆ ಮಲಮೂಲದ ಬ್ಯಾಕ್ಟೀರಿಯಗಳಿರುವ ನೀರು ಒಂದೆರಡು ದಿನಗಳಲ್ಲಿ ಕಪ್ಪಾಗುತ್ತದೆ. ಶಾಲಾ ವಿದ್ಯಾರ್ಥಿಯೂ ಮಾಡಬಹುದಾದ ಪರೀಕ್ಷೆ ಇದು. ಅನುಮಾನ ಹುಟ್ಟಿಸಲು ಸಾಕು, ತೀರ್ಪು ನೀಡಲು ಪ್ರಯೋಗಾಲಯವೇ ಬೇಕು. ಉಳಿಕೆ ಕ್ಲೋರಿನ್ನನ್ನು ಡಿಪಿಡಿ ಎಂಬ ಪುಡಿ ಅಥವಾ ಮಾತ್ರೆ ಹಾಕಿ, ಮೂಡುವ ಗುಲಾಬಿ ಬಣ್ಣದ ಗಾಢತೆಯಿಂದ ನಿಮಿಷದೊಳಗೆ ಅಳೆಯಬಹುದು. ಹಿಂದೆ ಬಳಕೆಯಲ್ಲಿದ್ದ ಹಳದಿ ಬಣ್ಣದ ಆರ್ಥೋಟಾಲಿಡಿನ್ ದ್ರವ ಕ್ಯಾನ್ಸರ್‌ಕಾರಕವೆಂಬ ಕಾರಣದಿಂದ ಹಿಂದೆ ಸರಿದಿದೆ.

ಸಾಧನಗಳ ಕೊರತೆಯಿಲ್ಲ. ತೊಡಕು ಇರುವುದು ಹೊಣೆಯ ಗಡಿಯಲ್ಲಿ. ಮಂಡಳಿಯ ಹೊಣೆ ಮೀಟರಿನವರೆಗೆ. ಮೀಟರಿನಿಂದಾಚೆಗಿನ ಸಂಪು ಮನೆಯ ಮಾಲೀಕನದು. ಕಗ್ಗದಾಸಪುರದಲ್ಲಿ ಮಾಲೀಕ ಬೇರೆಡೆ ವಾಸಿಸುತ್ತಿರುವುದು, ಸಂಪಿನ ಮುಚ್ಚಳವನ್ನು ಎಂದೂ ತೆರೆದು ನೋಡದ ಬಾಡಿಗೆದಾರರು ಅದರ ನೀರು ಕುಡಿಯುವುದು ಸಾಮಾನ್ಯ. ಕೊಳವೆ ಬಾವಿಗಳ ನೋಂದಣಿ, ಅನುಮತಿಗಳು 2011ರ ಕರ್ನಾಟಕ ಅಂತರ್ಜಲ ಅಧಿನಿಯಮದ ವ್ಯಾಪ್ತಿಗೆ ಬರುತ್ತವೆ. ಟ್ಯಾಂಕರ್ ಜಿಲ್ಲಾಡಳಿತದ ಕಡತಕ್ಕೆ ಸೇರುತ್ತದೆ. ಮೂರು ನೀರಿಗೆ ಮೂರು ಕಡತ. ಮೂರೂ ಬೆರೆತ ಬಳಿಕದ ನೀರಿಗೆ ಕಡತವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2004ರ ತನ್ನ ಮಾರ್ಗಸೂಚಿಯಲ್ಲಿ ಜಲಾನಯನದಿಂದ ಗ್ರಾಹಕನ ಲೋಟದವರೆಗಿನ ಇಡೀ ದಾರಿಯನ್ನು ಒಂದೇ ಘಟಕವಾಗಿ ಪರಿಗಣಿಸಿ, ಅಪಾಯವಿರುವ ಪ್ರತಿ ತಾಣವನ್ನು ಗುರುತಿಸುವ ಜಲ ಸುರಕ್ಷತಾ ಯೋಜನೆಯನ್ನು ಪ್ರತಿಪಾದಿಸಿತು. ಆ ದೃಷ್ಟಿಯಿಂದ ನೋಡಿದರೆ ಕಗ್ಗದಾಸಪುರದಲ್ಲಿ ಮಾದರಿ ಸಂಗ್ರಹಿಸಬೇಕಾದ ತಾಣಗಳು ಮೂರು: ಸರದಿ ಆರಂಭವಾದ ಹತ್ತು ನಿಮಿಷದೊಳಗೆ ಮೀಟರಿನ ಬಳಿ, ಸಂಪು ತುಂಬಿದ ಮರುದಿನ ಮನೆಯ ಅಡುಗೆಮನೆ ನಲ್ಲಿಯಲ್ಲಿ, ಹಾಗೂ ಕೊಳವೆ ಬಾವಿಯ ಬಾಯಲ್ಲಿ. ಮೊದಲೆರಡರಲ್ಲಿ ಉಳಿಕೆ ಕ್ಲೋರಿನ್ ಮತ್ತು ಇ. ಕೋಲೈ, ಕೊನೆಯೆರಡರಲ್ಲಿ ನೈಟ್ರೇಟ್. ಏಪ್ರಿಲಿನಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ.

2024ರ ಬರಗಾಲದ ಬಳಿಕ ಸಂಸ್ಕರಿಸಿದ ತ್ಯಾಜ್ಯನೀರಿನಿಂದ ನಗರದ ಕೆರೆಗಳನ್ನು ತುಂಬಿಸಿ ಅಂತರ್ಜಲವನ್ನು ಮೇಲೆತ್ತುವ ಯೋಜನೆಗೆ ಮಂಡಳಿ ಒತ್ತು ನೀಡಿದೆ. ಬತ್ತಿದ ಬಾವಿಗಳಿಗೆ ಇದರಿಂದ ಜೀವ ಬರಬಹುದು. ಸಾರಜನಕವನ್ನು ಪೂರ್ಣವಾಗಿ ತೆಗೆಯದ ಸಂಸ್ಕರಣೆಯಾದರೆ ಏರುವ ನೀರಿನೊಡನೆ ನೈಟ್ರೇಟೂ ಏರುತ್ತದೆ. ಆದ್ದರಿಂದ ಕೆರೆ ತುಂಬಿಸುವ ಮುನ್ನ ಸುತ್ತಲಿನ ಬಾವಿಗಳ ನೈಟ್ರೇಟ್ ಮಟ್ಟವನ್ನು ದಾಖಲಿಸಿಡುವುದು ಅಗತ್ಯ; ತುಂಬಿಸಿದ ಮೇಲೆ ಅಳೆದ ಸಂಖ್ಯೆಗೆ ಹೋಲಿಸಿ ನೋಡಲು ಬೇರೆ ಆಧಾರ ದೊರೆಯದು.